ಮೆಕೋಮ್ಸ್‌ಗೆ ಹೊರರಾಜ್ಯದಿಂದ ಅರ್ಜಿ ಹಾಕುವ ಮುನ್ನ ಈ ಲೆಕ್ಕ ನೋಡಿ

ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಗಳೋ ಮಗನೋ ಬಿಸಿನೆಸ್ ಓದಬೇಕು ಅಂದರೆ ಪಟ್ಟಿಯಲ್ಲಿ ಆಸ್ಟಿನ್‌ನ ಟೆಕ್ಸಸ್ ಯೂನಿವರ್ಸಿಟಿಯ ಮೆಕೋಮ್ಸ್ ಸ್ಕೂಲ್ ಇದ್ದೇ ಇರುತ್ತದೆ. ಅದೂ "ಸರ್ಕಾರಿ ಯೂನಿವರ್ಸಿಟಿ ತಾನೇ, ಸಿಕ್ಕೇ ಸಿಗುತ್ತೆ" ಅನ್ನುವ ಸಾಲಿನಲ್ಲಿ. ನೀವು ಟೆಕ್ಸಸ್‌ನಲ್ಲಿ ಇಲ್ಲದಿದ್ದರೆ ದಯವಿಟ್ಟು ಅದನ್ನು ಆ ಸಾಲಿನಿಂದ ತೆಗೆಯಿರಿ.

ರಾಜ್ಯದ ಕಾನೂನಿನ ಪ್ರಕಾರ ಅಲ್ಲಿ ಮೊದಲ ವರ್ಷಕ್ಕೆ ಸೇರುವವರಲ್ಲಿ 100ಕ್ಕೆ 90 ಮಂದಿಯಾದರೂ ಟೆಕ್ಸಸ್‌ನವರೇ ಆಗಿರಬೇಕು. ಉಳಿದ 10ರಲ್ಲಿ ಬಾಕಿ 49 ರಾಜ್ಯಗಳ ಜೊತೆ ಹೊರದೇಶದವರೂ ಸೇರಿದ್ದಾರೆ. ಯೂನಿವರ್ಸಿಟಿ ಪ್ರಕಟಿಸುವ ಒಟ್ಟು ಪ್ರವೇಶದ ಶೇಕಡಾವಾರು ಈ ಎರಡು ಗುಂಪನ್ನೂ ಕಲಸಿ ಹೇಳುವ ಸಂಖ್ಯೆ. ಅದನ್ನು ನಿಮ್ಮ ಮಗುವಿನ ಅವಕಾಶ ಅಂತ ಓದಿಕೊಂಡರೆ ಅಲ್ಲೇ ಎಡವುತ್ತೀರಿ.

ಇನ್ನೊಂದು ತಪ್ಪು ರ್‍ಯಾಂಕಿನದು. ತರಗತಿಯ ಮೊದಲ ಶೇಕಡಾ 5ರೊಳಗಿದ್ದರೆ ನೇರ ಪ್ರವೇಶ (2026ರ ಫಾಲ್ ಸೆಮಿಸ್ಟರಿಗೆ ಮುಂಚೆ ಇದು 6 ಇತ್ತು) ಅನ್ನುವುದು ಟೆಕ್ಸಸ್ ಶಾಲೆಗಳ ಮಕ್ಕಳಿಗೆ ಮಾತ್ರ. ಅವರಿಗೂ ಖಾತ್ರಿಯಾಗುವುದು ಯೂನಿವರ್ಸಿಟಿಯ ಸೀಟು, ಮೆಕೋಮ್ಸ್‌ನ ಸೀಟಲ್ಲ. ಬೇರೆ ಮೇಜರ್‌ಗೆ (ಮುಖ್ಯ ವಿಷಯಕ್ಕೆ) ಸೇರಿ ಆಮೇಲೆ ಬದಲಾಯಿಸಿಕೊಳ್ಳೋಣ ಅಂದರೆ ಅಲ್ಲೂ ಮತ್ತೊಂದು ಸುತ್ತಿನ ಪೈಪೋಟಿ ಕಾದಿರುತ್ತದೆ.

ಟೆಕ್ಸಸ್‌ಗೆ ಮನೆ ಬದಲಾಯಿಸುವ ಯೋಚನೆ ಹೇಗೂ ಇದೆ ಅನ್ನುವವರು ತಾರೀಖು ಗಮನಿಸಿ. ಟೆಕ್ಸಸ್‌ನವರು ಅನ್ನಿಸಿಕೊಳ್ಳಬೇಕಾದರೆ, ಮಗು ಸೇರುವ ಸೆಮಿಸ್ಟರಿನ ಸೆನ್ಸಸ್ ದಿನಕ್ಕೆ (ವಿದ್ಯಾರ್ಥಿಗಳ ಅಧಿಕೃತ ಎಣಿಕೆಯ ದಿನ, ಫಾಲ್‌ನಲ್ಲಿ ಇದು 12ನೇ ತರಗತಿ ದಿನ) ಮುಂಚೆ ಸತತ 12 ತಿಂಗಳು ಅಲ್ಲಿ ನೆಲೆಸಿದ್ದು, ಕೆಲಸವೋ ಸ್ವಂತ ಮನೆಯೋ ದಾಖಲೆಯಲ್ಲಿರಬೇಕು. ಎಚ್-1ಬಿ, ಎಚ್-4, ಎಲ್-1, ಎಲ್-2 ವೀಸಾದವರೂ ಹೀಗೆ ಡೊಮಿಸೈಲ್, ಅಂದರೆ ಆ ರಾಜ್ಯದ ನಿವಾಸಿ ಅನ್ನುವ ಮಾನ್ಯತೆ, ಪಡೆಯಬಹುದು. ಗ್ರೀನ್ ಕಾರ್ಡ್ ಇಲ್ಲ ಅಂತ ಎಷ್ಟೋ ಮನೆಗಳಲ್ಲಿ ಇದನ್ನು ವಿಚಾರಿಸುವುದೇ ಇಲ್ಲ, ಅದೇ ಬೇಸರ. ಆದರೆ ಅವಲಂಬಿತ ಮಗುವಿಗೆ ಲೆಕ್ಕಕ್ಕೆ ಬರುವುದು ಅಪ್ಪ ಅಮ್ಮನ ವಾಸ. ಮಗುವನ್ನಷ್ಟೇ ಡಲ್ಲಾಸಿನ ಚಿಕ್ಕಮ್ಮನ ಮನೆಗೆ ಕಳಿಸಿದರೆ ಪ್ರಯೋಜನವಿಲ್ಲ. ಮಗುವಿಗೆ 21 ತುಂಬಿದಾಗ ಅವಲಂಬಿತರ ಎಚ್-4 ವೀಸಾ ಹೋಗುತ್ತದೆ. ಆಗ ಎಫ್-1 ವಿದ್ಯಾರ್ಥಿ ವೀಸಾಗೆ ಹೋದರೆ, ಆ ವೀಸಾದ ಆಧಾರದಲ್ಲಿ ಡೊಮಿಸೈಲ್ ಸಿಗುವುದಿಲ್ಲ. ಫೀಸಿನ ಲೆಕ್ಕ ಹಾಕುವಾಗ ಇದೂ ತಲೆಯಲ್ಲಿರಲಿ.

ಹೊರಗಿನಿಂದಲೇ ಹಾಕುವುದಾದರೆ ಅಕ್ಟೋಬರ್ 15ರ ಅರ್ಲಿ ಆ್ಯಕ್ಷನ್ (ಬೇಗ ಅರ್ಜಿ ಹಾಕುವವರ) ಗಡುವಿಗೇ ಕಳಿಸಿ. ಎಸ್‌ಎಟಿ ಅಥವಾ ಎಸಿಟಿ ಪ್ರವೇಶ ಪರೀಕ್ಷೆಯ ಅಂಕ ಈಗ ಮತ್ತೆ ಕಡ್ಡಾಯ. ಪ್ರಬಂಧದಲ್ಲಿ "ನನಗೆ ನಾಯಕತ್ವ ಇಷ್ಟ" ಅಂದರೆ ಸಾಲದು. ದೇವಸ್ಥಾನದ ಅಂಗಡಿಯದೋ ಕನ್ನಡ ಕೂಟದ ಟಿಕೆಟ್ ಮಾರಾಟದ್ದೋ ಲೆಕ್ಕ ನಿಜವಾಗಿ ನೋಡಿಕೊಂಡಿದ್ದರೆ, ಏನು ಕೆಟ್ಟಿತು, ಹೇಗೆ ಸರಿಪಡಿಸಿದೆ ಅಂತ ಅಂಕಿಅಂಶ ಸಮೇತ ಬರೆಯಲಿ.

ಜೊತೆಗೆ ಬೇರೆ ಬಾಗಿಲುಗಳೂ ಇರಲಿ. ಮಿಶಿಗನ್‌ನ ರಾಸ್, ಇಂಡಿಯಾನಾದ ಕೆಲ್ಲಿ ಬಿಸಿನೆಸ್ ಸ್ಕೂಲ್‌ಗಳಿಗೆ ಇಂಥ 90ರ ಕಾನೂನಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಹಾಸ್ ಬಿಸಿನೆಸ್ ಸ್ಕೂಲ್ ಬೇಕೆಂದರೆ ತಯಾರಿಯೇ ಬೇರೆ: ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯವರು ಪ್ರವೇಶಕ್ಕೆ ಎಸ್‌ಎಟಿ ನೋಡುವುದೇ ಇಲ್ಲ. ಹೊರರಾಜ್ಯದವರಿಗೆ ಕನಿಷ್ಠ ಜಿಪಿಎ (ಶಾಲೆಯ ಗ್ರೇಡುಗಳ ಸರಾಸರಿ) 3.4, ಅಲ್ಲಿಯವರಿಗೆ 3.0. ನಿಮ್ಮ ಶಾಲೆ 'ಆನರ್ಸ್' ಅಂತ ಕರೆದ ವಿಷಯಕ್ಕೆ ಅಲ್ಲಿ ಹೆಚ್ಚಿನ ಅಂಕ ಸೇರುವುದಿಲ್ಲ, ಎಪಿ, ಐಬಿಯಂಥ ಕಾಲೇಜು ಮಟ್ಟದ ಕೋರ್ಸುಗಳಿಗೆ ಸೇರುತ್ತದೆ. ಜಿಪಿಎಗೆ ಎಣಿಸುವುದು 10 ಮತ್ತು 11ನೇ ತರಗತಿಯ ಅಂಕ. ಹಾಗಾಗಿ ವಿಷಯ ಆರಿಸುವ ಮಾತು 9ನೇ ತರಗತಿ ಮುಗಿಯುವಾಗಲೇ ಆಗಬೇಕು.