ಸ್ಪಷ್ಟನೆ: ‘ದೊಡ್ಡ ಮೀನು, ಚಿಕ್ಕ ಮೀನು’ ಚಿತ್ರ ಬಾಷ್ ಬರೆದದ್ದಲ್ಲ

ದೊಡ್ಡ ಮೀನಿನ ಹೊಟ್ಟೆ ಸೀಳಿ, ಒಳಗಿಂದ ರಾಶಿ ರಾಶಿ ಮೀನು ಹೊರಬೀಳುವ ಹಳೆಯ ಡಚ್ ಕೆತ್ತನೆ ಚಿತ್ರವೊಂದು ಆಗಾಗ ಹರಿದಾಡುತ್ತದೆ. ಕೆಳಗೆ ‘ಹಿರೋನಿಮಸ್ ಬಾಷ್ ಕಲಾಕೃತಿ’ ಎಂದು ಹಳೆಯ ಚಿತ್ರಕಾರನೊಬ್ಬನ ಹೆಸರಿರುತ್ತದೆ. ಅದು ತಪ್ಪು.

ತಪ್ಪು ಹುಟ್ಟಿದ್ದು ಸುಮ್ನೆ ಅಲ್ಲ. 1557ರಲ್ಲಿ ಆಂಟ್‌ವರ್ಪ್‌ನಲ್ಲಿ ಹಿರೋನಿಮಸ್ ಕಾಕ್ ಪ್ರಕಟಿಸಿದ ಈ ಚಿತ್ರದ ಮೇಲೇ ಬಾಷ್ ಹೆಸರು ಅಚ್ಚಾಗಿದೆ. ಆದರೆ ಬಾಷ್ 1516ರಲ್ಲೇ ತೀರಿಕೊಂಡಿದ್ದ. ಮೂಲ ರೇಖಾಚಿತ್ರ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಇನ್ನೊಬ್ಬ ಚಿತ್ರಕಾರ ಪೀಟರ್ ಬ್ರೂಗೆಲ್‌ನ ಸಹಿ ಇದೆ, 1556 ಎಂಬ ಇಸವಿಯೂ ಇದೆ. ಅದನ್ನು ತಾಮ್ರದ ತಗಡಿನ ಮೇಲೆ ಕೆತ್ತಿದವನು ಪೀಟರ್ ವಾನ್ ಡೆರ್ ಹೇಡನ್. ಆಗ ಬಾಷ್ ಹೆಸರಿಗೆ ಬೇಡಿಕೆ ಜಾಸ್ತಿ, ಬ್ರೂಗೆಲ್ ಇನ್ನೂ ಹೊಸಬ. ಮಾರಾಟಕ್ಕಾಗಿಯೇ ಹೆಸರು ಬದಲಾಗಿರಬೇಕು ಅನ್ನುವುದು ನನಗೂ ಸರಿ ಅನಿಸುತ್ತದೆ.

‘ಇದು ಬರೀ ವಿಚಿತ್ರ ಕನಸು’ ಅನ್ನುವ ಮಾತನ್ನೂ ಒಪ್ಪಲಾಗದು. ಇದು ಗಾದೆಯ ಚಿತ್ರ. ‘ನೋಡು ಮಗನೇ, ದೊಡ್ಡ ಮೀನು ಚಿಕ್ಕದನ್ನು ತಿನ್ನುತ್ತದೆ ಅನ್ನುವುದು ನನಗೆ ಬಹಳ ದಿನದಿಂದ ಗೊತ್ತು’ ಎಂದು ಕೆಳಗೇ ಬರೆದಿದೆ. ದೋಣಿಯಲ್ಲಿ ಕೂತ ಅಪ್ಪ ಮಗನಿಗೆ ಬೆರಳು ತೋರಿಸಿ ಹೇಳುತ್ತಿರುವುದು ಅದನ್ನೇ. ನಾವು ಮತ್ಸ್ಯನ್ಯಾಯ ಅನ್ನುತ್ತೇವೆ ಅಲ್ವಾ, ಅದೇ ಮಾತು. ಮೀನಿನ ಹೊಟ್ಟೆ ಸೀಳುವ ಆ ದೊಡ್ಡ ಚಾಕುವಿನ ಮೇಲೆ ಶಿಲುಬೆ ಹೊತ್ತ ಗೋಳದ ಗುರುತಿದೆ, ಹುಡುಕಿ ನೋಡಿ. ಅದು ಲೋಕದ ಸಂಕೇತ.

ಹಂಚಿಕೊಳ್ಳುವಾಗ ದಯವಿಟ್ಟು ಬ್ರೂಗೆಲ್ ಹೆಸರು ಹಾಕಿ, ಕೆತ್ತಿದವನ ಹೆಸರನ್ನೂ ಸೇರಿಸಿ.