ನೆದರ್‌ಲ್ಯಾಂಡ್ಸ್‌ನಲ್ಲಿ ಗಾಂಜಾ ಕಾನೂನುಬದ್ಧವೇ? ಇಲ್ಲಿದೆ ಸತ್ಯಾಂಶ

ಗಾಂಜಾಗೆ ಅನುಮತಿ ಕೊಡಬೇಕಾ ಬೇಡ್ವಾ ಅನ್ನೋ ಚರ್ಚೆ ಎದ್ದಾಗಲೆಲ್ಲ ಒಂದು ಮೆಸೇಜ್ ಸುತ್ತು ಹೊಡೆಯುತ್ತದೆ: ‘ನೆದರ್‌ಲ್ಯಾಂಡ್ಸ್‌ನಲ್ಲಿ ಗಾಂಜಾ ಎಂದೋ ಕಾನೂನುಬದ್ಧವಾಗಿದೆ.’ ಇದು ಸರಿಯಲ್ಲ.

ಅಲ್ಲಿ ಗಾಂಜಾ ಇಂದಿಗೂ ಅಪರಾಧವೇ. 1976ರಲ್ಲಿ ಕಾನೂನು ತಿದ್ದಿ ಅದನ್ನು ಹೆರಾಯಿನ್‌ನಂಥ ಮಾದಕಗಳಿಂದ ಬೇರೆ ಪಟ್ಟಿಗೆ ಹಾಕಿದರು, ಅಷ್ಟೇ. 5 ಗ್ರಾಂವರೆಗೆ ಇಟ್ಟುಕೊಂಡರೆ ಸಾಮಾನ್ಯವಾಗಿ ಕೇಸು ಹಾಕುವುದಿಲ್ಲ. ಆದರೆ ಪೊಲೀಸರು ಅದನ್ನು ಕಿತ್ತುಕೊಳ್ಳಬಹುದು.

ಹಾಗಾದರೆ ಗಾಂಜಾ ಮಾರುವ ಆಮ್‌ಸ್ಟರ್‌ಡ್ಯಾಮ್‌ನ ‘ಕಾಫಿ ಶಾಪ್’ಗಳ ಕಥೆ ಏನು? ಅವನ್ನು ಸರ್ಕಾರ ಷರತ್ತಿನ ಮೇಲೆ ಸಹಿಸಿಕೊಂಡಿದೆ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಜಾಸ್ತಿ ಮಾರುವಂತಿಲ್ಲ, ಜಾಹೀರಾತು ಕೂಡದು, ಮದ್ಯ ಇಡುವಂತಿಲ್ಲ, 18 ತುಂಬದವರನ್ನು ಒಳಗೆ ಬಿಡುವಂತಿಲ್ಲ.

ನಿಜವಾದ ತಮಾಷೆ ಇರುವುದು ಹಿಂಬಾಗಿಲಲ್ಲಿ. ಗಿರಾಕಿ ಮುಂಬಾಗಿಲಿಂದ ಬಂದು ರಾಜಾರೋಷವಾಗಿ ಕೊಳ್ಳುತ್ತಾನೆ. ಆದರೆ ಅಂಗಡಿಗೆ ಸರಕು ಬೆಳೆದು ತಂದು ಕೊಡುವವನು ಅಪರಾಧಿ! ಮಾರಾಟಕ್ಕೆ ಕಣ್ಣು ಮುಚ್ಚಿದರು, ಪೂರೈಕೆ ಮಾತ್ರ ಕಳ್ಳದಂಧೆಯ ಕೈಯಲ್ಲೇ ಉಳಿಯಿತು. ದಶಕಗಟ್ಟಲೆ ಎಳೆದ ಈ ಎಡವಟ್ಟು ಸರಿಪಡಿಸಲು 2023ರ ಕೊನೆಯಲ್ಲಿ ಬ್ರೇಡಾ, ಟಿಲ್‌ಬರ್ಗ್ ನಗರಗಳಲ್ಲಿ ಪರವಾನಗಿ ಪಡೆದ ಬೆಳೆಗಾರರಿಂದ ಸರಕು ತರಿಸುವ ಪ್ರಯೋಗ ಶುರುವಾಯಿತು. ಅದಿನ್ನೂ ಪ್ರಯೋಗವೇ.

ದೇಶಾದ್ಯಂತ ಮೊದಲು ಕಾನೂನುಬದ್ಧ ಮಾಡಿದ್ದು ಉರುಗ್ವೆ, 2013ರಲ್ಲಿ. 2018ರಲ್ಲಿ ಕೆನಡಾ ಅದೇ ದಾರಿ ಹಿಡಿಯಿತು. ಪರ ಇರಲಿ, ವಿರೋಧ ಇರಲಿ, ಉದಾಹರಣೆ ಬೇಕಿದ್ದರೆ ಈ ದೇಶಗಳನ್ನು ನೋಡಬೇಕು. ಬೆಳೆಯುವುದರಿಂದ ಮಾರುವವರೆಗೆ ಎಲ್ಲಕ್ಕೂ ಅಲ್ಲಿ ಕಾನೂನು ಇದೆ.