ನಿಮ್ಮ ಫೋಟೊನ ಒಮ್ಮೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ನೋಡಿ

ಕ್ಯಾಮೆರಾ, ಲೆನ್ಸ್ ಅಂತ ಲಕ್ಷಗಟ್ಟಲೆ ಸುರಿದವರಲ್ಲೂ ಎಷ್ಟೋ ಜನ ತಮ್ಮ ಒಂದೇ ಒಂದು ಫೋಟೊನೂ 16×24 ಇಂಚಿಗೆ ಪ್ರಿಂಟ್ ಹಾಕಿಸಿರೋದಿಲ್ಲ. ದಯವಿಟ್ಟು ಹಾಕಿಸಿ. ಹಂಪಿಯ ಮಾತಂಗ ಬೆಟ್ಟದ ಮೇಲಿಂದ ತೆಗೆದ ಬೆಳಗಿನ ಚಿತ್ರ ಮೊಬೈಲಿನಲ್ಲಿ ಬರೀ ಕೆಂಪು ಆಕಾಶ. ಅದೇ ಎರಡಡಿ ಅಗಲದ ಕಾಗದಕ್ಕೆ ಇಳಿದಾಗ ಕೆಳಗಿನ ಅಚ್ಯುತರಾಯ ದೇವಸ್ಥಾನದ ಪ್ರಾಕಾರ, ಬಂಡೆ ಸಂದಿಯ ನೆರಳು, ಬಾಳೆತೋಟದ ಮೇಲಿನ ಮಂಜು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಆ ಖುಷಿಗೆ ಸಾವಿರ ಲೈಕೂ ಸಮ ಅಲ್ಲ.

24 ಮೆಗಾಪಿಕ್ಸೆಲ್ ಸಾಲುತ್ತಾ? ಧಾರಾಳ. 6000×4000 ಪಿಕ್ಸೆಲ್ ಅಂದರೆ 16×24ಕ್ಕೆ ಇಂಚಿಗೆ 250 ಪಿಕ್ಸೆಲ್, 20×30ಕ್ಕೆ 200. ನಾಲ್ಕಡಿ ದೂರ ನಿಂತು ನೋಡೋ ಚಿತ್ರಕ್ಕೆ 150 ಇದ್ದರೂ ನಡೆಯುತ್ತೆ. ಕೆಡಿಸೋದು ಕೈ ನಡುಕ, ತಪ್ಪಿದ ಫೋಕಸ್, ಸೆನ್ಸರ್ ಮೇಲಿನ ಧೂಳು. ಫೈಲನ್ನು 100 ಪರ್ಸೆಂಟಿಗೆ ಝೂಮ್ ಮಾಡಿ ಮೂಲೆಮೂಲೆ ನೋಡಿ, ಆಕಾಶವನ್ನಂತೂ ಬಿಡಬೇಡಿ. 16×20 ಅಂತ ಹೇಳಿಬಿಟ್ಟರೆ ಉದ್ದದಲ್ಲಿ ಆರನೇ ಒಂದು ಪಾಲು ಕತ್ತರಿಗೆ ಹೋಗುತ್ತೆ, ಹುಷಾರು. ಫೈಲನ್ನು ಪೆನ್‌ಡ್ರೈವಿನಲ್ಲೇ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗಿಹೋಗುತ್ತೆ.

"ಪ್ರಿಂಟ್ ಕಪ್ಪಗೆ ಬಂತು" ಅಂತ ಲ್ಯಾಬಿನವರನ್ನು ಬೈಯೋರು ಬಹಳ. ಹೆಚ್ಚಿನ ಸಲ ತಪ್ಪು ನಮ್ಮ ಪರದೆಯದ್ದು. ಪರದೆ ತಾನೇ ಬೆಳಕು ಚೆಲ್ಲುತ್ತೆ, ಕಾಗದಕ್ಕೆ ಕೋಣೆಯ ಬೆಳಕೇ ಗತಿ. ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡು ಎಡಿಟ್ ಮಾಡಿದರೆ ನೆರಳಿನ ಭಾಗ ಕಾಗದದಲ್ಲಿ ಮಸಿಯಾಗುತ್ತೆ. ಪರದೆ ಪಕ್ಕ ಬಿಳಿ ಹಾಳೆ ಹಿಡಿದು, ಪರದೆಯ ಬಿಳಿಯೂ ಹಾಳೆಯ ಬಿಳಿಯೂ ಒಂದೇ ಹದಕ್ಕೆ ಬರೋವರೆಗೆ ಬ್ರೈಟ್‌ನೆಸ್ ಇಳಿಸಿ. ಲ್ಯಾಬಿನವರ ಹತ್ತಿರ ನೀವು ಹಾಕಿಸೋ ಕಾಗದದ ಐಸಿಸಿ ಪ್ರೊಫೈಲ್ (ಆ ಕಾಗದ, ಇಂಕಿನಲ್ಲಿ ಬಣ್ಣ ಹೇಗೆ ಬರುತ್ತೆ ಅಂತ ಹೇಳೋ ಫೈಲ್) ಇದ್ದರೆ ಕೇಳಿ ತಗೊಂಡು, ಫೋಟೊ ಎಡಿಟ್ ಮಾಡೋ ತಂತ್ರಾಂಶ ಲೈಟ್‌ರೂಮಿನಲ್ಲಿ ಸಾಫ್ಟ್ ಪ್ರೂಫ್ ಹಾಕಿ, ಅಂದರೆ ಪ್ರಿಂಟ್ ಹೇಗೆ ಬರುತ್ತೆ ಅಂತ ಪರದೆಯಲ್ಲೇ ನೋಡಿ. ಆಮೇಲೆ ನೇರ ದೊಡ್ಡ ಪ್ರಿಂಟಿಗೆ ಹೋಗಬೇಡಿ. ಕತ್ತಲು, ಬೆಳಕು ಎರಡೂ ಇರೋ ಒಂದು ತುಂಡನ್ನು ಚಿತ್ರದಿಂದ ಕತ್ತರಿಸಿ, ದೊಡ್ಡ ಪ್ರಿಂಟಿನಲ್ಲಿ ಎಷ್ಟು ದೊಡ್ಡದಾಗಿ ಬರುತ್ತೋ ಅಷ್ಟೇ ದೊಡ್ಡದಾಗಿ, ಅದೇ ಕಾಗದದಲ್ಲಿ 8×10 ಇಂಚಿಗೆ ಹಾಕಿಸಿ. ಚಿತ್ರ ತೂಗೋ ಗೋಡೆಗೇ ಅದನ್ನು ಅಂಟಿಸಿ, ಹಗಲೊಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ. ಇದನ್ನು ಮಾತ್ರ ತಪ್ಪಿಸಬೇಡಿ.

ಎದುರಿಗೆ ಕಿಟಕಿ ಇದ್ದರೆ ಗ್ಲಾಸಿ (ಹೊಳಪಿನ) ಕಾಗದ ಬೇಡ, ಚಿತ್ರದ ಬದಲು ಕಿಟಕಿಯೇ ಕಾಣುತ್ತೆ. ಮಂಜು, ಕಾಡು, ಕಪ್ಪು-ಬಿಳುಪಿಗೆ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ) ಆಸುಪಾಸಿನ ಹತ್ತಿಯ ಮ್ಯಾಟ್ (ಹೊಳಪಿಲ್ಲದ) ಕಾಗದ, ಪಿಗ್ಮೆಂಟ್ ಇಂಕ್ (ಬಣ್ಣದ ಸಣ್ಣ ಕಣಗಳಿರೋ ಶಾಯಿ). ದುಬಾರಿ, ಆದರೂ ಅದೇ ಚೆಂದ.

ಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗಲೇಬಾರದು. ಮಲೆನಾಡು, ಕರಾವಳಿಯ ಮಳೆಗಾಲದ ಥಂಡಿಗೆ ಪ್ರಿಂಟು ಗಾಜಿಗೆ ಹತ್ತಿಕೊಂಡರೆ ಬಿಡಿಸಲು ಹೋದಾಗ ಬಣ್ಣವೇ ಕಿತ್ತು ಬರುತ್ತೆ. ನಡುವೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಅಂಚಿನಂತೆ ಕೂರೋ ದಪ್ಪ ರಟ್ಟು ಇರಲಿ. ಪ್ರಿಂಟನ್ನು ಮೇಲಂಚಿಗೆ ಮಾತ್ರ ಅಂಟಿಸಲು ಹೇಳಿ. ನಾಲ್ಕೂ ಕಡೆ ಅಂಟಿಸಿದರೆ ತೇವಕ್ಕೆ ಹಿಗ್ಗೋ ಕಾಗದಕ್ಕೆ ಜಾಗವಿಲ್ಲದೆ ಅಲೆಅಲೆಯಾಗಿ ಏಳುತ್ತೆ. ಹಿಂದುಗಡೆ ಕೆಳಗಿನ ಎರಡು ಮೂಲೆಗೆ ಕಾರ್ಕಿನ ಚೂರು ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತೆ, ಬೂಷ್ಟು ಹಿಡಿಯೋದು ಕಡಿಮೆ.